ಗ್ರಹಣ ಕಾಣದ ಊರು

ಗ್ರಹಣ ಕಾಣದ ಊರು ಹುಡುಕಿಕೊಂಡು ನೆದರ್ಲೆಂಡ್ಸ್‌ನ ಲೈಡನ್‌ನಿಂದ ಇಟಲಿಯ ಬೆಟ್ಟ ಹತ್ತಿದ ಬಸುರಿ ನಾನೊಬ್ಬಳೇ ಇರಬೇಕು. ಅದೂ ದಿನವೆಲ್ಲಾ ಲ್ಯಾಬಿನಲ್ಲಿ ಜೀವಕೋಶ ನೋಡುತ್ತಾ ಕೂರೋಳು. ನಗೋರು ನಕ್ಕೊಳ್ಳಲಿ.

ಹೋದ ವರ್ಷ, ಬಸುರಿನ ಐದನೇ ತಿಂಗಳಲ್ಲಿ, ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಯ್ತು. ನೆದರ್ಲೆಂಡ್ಸ್‌ನಲ್ಲಿ ಬಸುರಿಯರನ್ನ ನೋಡೋದು ಹೆಚ್ಚಾಗಿ ಡಾಕ್ಟರಲ್ಲ, ಸೂಲಗಿತ್ತಿ. ಸೈಕಲ್ ನಿಲ್ಲಿಸಿ ಒಳಗೆ ಬಂದ ಆಕೆ ನನ್ನ ಕೈ ಹಿಡಿದುಕೊಂಡು, ಕೆಲವು ಸಲ ಹೀಗಾಗುತ್ತೆ, ಕಾರಣ ಇರಲ್ಲ, ನಿನ್ನ ತಪ್ಪೇನಿಲ್ಲ ಅಂದಳು. ಒಳ್ಳೇ ಮಾತೇ. ಆದರೆ ಕಾರಣ ಇಲ್ಲ ಅಂದುಬಿಟ್ಟರೆ ಮನಸ್ಸು ಸುಮ್ಮನಿರುತ್ತಾ? ತಿಂದ ಪಪ್ಪಾಯಿ, ಎದುರುಗಾಳಿಯಲ್ಲಿ ತುಳಿದ ಸೈಕಲ್, ಓಡಿ ಹಿಡಿದ ರೈಲು, ಎಲ್ಲದರ ಮೇಲೂ ನನಗೆ ಗುಮಾನಿ. ಈ ಸಲ ಮತ್ತೆ ಐದು ತುಂಬಿ ಆರಕ್ಕೆ ಬಿದ್ದಿತ್ತು. ಮಗು ಒದೆಯೋಕೆ ಶುರು ಮಾಡಿತ್ತು. ಒದ್ದರೆ ಸಮಾಧಾನ, ಸುಮ್ಮನಿದ್ದರೆ ಜೀವ ಬಾಯಿಗೆ ಬರೋದು.

ಆಗಲೇ ಮೈಸೂರಿಂದ ನಮ್ಮತ್ತೆ ಲೀಲಮ್ಮ ಬಂದರು. ಬಂದವರೇ ಪಂಚಾಂಗ ತೆಗೆದು, ಆಗಸ್ಟಿನಲ್ಲಿ ಸೂರ್ಯಗ್ರಹಣ, ಈ ದೇಶಕ್ಕೆ ಚೆನ್ನಾಗಿಯೇ ಕಾಣುತ್ತೆ ಅಂದರು. ನನ್ನ ಲ್ಯಾಬಿನವರೆಲ್ಲ ಕಪ್ಪು ಕನ್ನಡಕ ತರಿಸಿಕೊಂಡು ಸಮುದ್ರದ ದಡಕ್ಕೆ ಹೊರಟಿದ್ದರು. ಅತ್ತೆ ಮಾತ್ರ ನನ್ನ ಹೊಟ್ಟೆ ನೋಡುತ್ತಿದ್ದರು. ಮೈಸೂರಿನ ಪುರೋಹಿತರಿಗೆ ಫೋನ್ ಹೋಯ್ತು. ಕಣ್ಣಿಗೆ ಕಾಣದ ಕಡೆ ಗ್ರಹಣದ ಆಚರಣೆಯೇ ಇಲ್ಲ ಅಂತ ಅವರು ಹೇಳಿದರು.

ಅಷ್ಟು ಸಾಕಾಯ್ತು ನನ್ನ ಗಂಡ ಶಮಂತನಿಗೆ. ಗ್ರಹಣ ಸಂಜೆ ಹೊತ್ತಿಗೆ. ಸೂರ್ಯ ಬೇಗ ಬೆಟ್ಟದ ಹಿಂದೆ ಹೋಗೋ ಊರಿಗೆ ಹೋದರೆ ಆಯ್ತಲ್ಲ? ನೆದರ್ಲೆಂಡ್ಸ್‌ನಲ್ಲಿ ಬೆಟ್ಟ ಎಲ್ಲಿ, ಮರೆಗೆ ಒಂದು ದಿಬ್ಬ ಇಲ್ಲ. ಹುಡುಕಿ ಹುಡುಕಿ ಇಟಲಿಯ ಮೊಂಟೆರಾಸ್ಕೊ ಅನ್ನೋ ಹಳ್ಳಿ ತೆಗೆದ. ಕೋಟೆ ಕಾಲದ ಕಲ್ಲಿನ ಮನೆಗಳು, ಹಿಂದೆ ಗೋಡೆಯಂಥ ಬೆಟ್ಟ. ಫೋಟೋ ನೋಡಿ ಅತ್ತೆಯ ಮುಖ ಅರಳಿತು. ಇದೆಲ್ಲ ಹುಚ್ಚಾಟ ಅಂತ ನಾನು ಕೂಗಾಡಿದೆ. ಹೋಗಲ್ಲ ಅಂತ ಮಾತ್ರ ಅನ್ನಲಿಲ್ಲ.

ವಿಮಾನ ಇಳಿದು, ಬಾಡಿಗೆ ಕಾರಿನಲ್ಲಿ ತಿರುವುಗಳನ್ನ ಸುತ್ತಿ ಗ್ರಹಣದ ದಿನ ಬೆಳಿಗ್ಗೆ ಅಲ್ಲಿಗೆ ಮುಟ್ಟಿದೆವು. ಊರೊಳಗೆ ಕಾರು ಹೋಗಲ್ಲ. ಕಮಾನಿನ ಕೆಳಗೆ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ಎರಡು ತೋಳು ಚಾಚಿದರೆ ಎರಡೂ ಕಡೆಯ ಗೋಡೆ ತಾಗೋ ಓಣಿ, ಬಾಗಿಲಲ್ಲಿ ಬೆಕ್ಕು, ಕುಂಡದಲ್ಲಿ ಒಣಗಿದ ಜೆರೇನಿಯಂ ಹೂಗಿಡ. ಹತ್ತುತ್ತಾ ಹತ್ತುತ್ತಾ ನನ್ನ ಹೊಟ್ಟೆ ಬಿಗಿದುಕೊಂಡಿತು.

ಮನೆಯೊಡತಿ ಮುದುಕಿ ನಮ್ಮನ್ನ ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ, ದೊಡ್ಡ ಕಾಣಿಕೆ ಕೊಡೋಳ ಹಾಗೆ ಮರದ ಕಿಟಕಿ ಬಾಗಿಲು ತೆರೆದಳು. ಪಶ್ಚಿಮಕ್ಕೆ ಬೆಟ್ಟ ನಿಜವೇ. ಆದರೆ ನಟ್ಟನಡುವೆ ಹಲ್ಲು ಬಿದ್ದ ಬಾಯಿಯಂತೆ ಒಂದು ಸಂದು. ಆಗಸ್ಟಿನಲ್ಲಿ ಸೂರ್ಯ ಸರಿಯಾಗಿ ಆ ಸಂದಿನಲ್ಲೇ ಮುಳುಗೋದು, ಅದನ್ನ ನೋಡೋಕೆ ಜನ ಬರ್ತಾರೆ, ಇವತ್ತಂತೂ ಊರಿಗೆ ಊರೇ ಚೌಕದಲ್ಲಿ ಕುರ್ಚಿ ಹಾಕ್ಕೊಂಡು ಕೂರುತ್ತೆ ಅಂತ ಅರೆಬರೆ ಇಂಗ್ಲಿಷಿಗೆ ಕೈಸನ್ನೆ ಸೇರಿಸಿ ವಿವರಿಸಿದಳು. ಶಮಂತ ನೋಡಿದ ಫೋಟೋ ಕೆಳಗಿನ ರಸ್ತೆಯಿಂದ ತೆಗೆದದ್ದು. ಅಲ್ಲಿಂದ ಸಂದು ಕಾಣಲ್ಲ.

ಅವಳು ಹೋದಮೇಲೆ ಅತ್ತೆ ಕಿಟಕಿ ಮುಚ್ಚಿದರು. ಕೆಳಗೆ ಕಣಿವೆಗೆ ಹೋಗೋಣ ಅಂದ ಶಮಂತ. ಮತ್ತೆ ಆ ಮೆಟ್ಟಿಲು ಇಳಿಯೋಕೆ ನನ್ನ ಕೈಲಿ ಆಗುತ್ತಿರಲಿಲ್ಲ. ಮಲಗಿ ಹೊಟ್ಟೆ ಮೇಲೆ ಕೈಯಿಟ್ಟಾಗಲೇ ನೆನಪಾದದ್ದು: ಮೆಟ್ಟಿಲು ಹತ್ತಿದ ಮೇಲೆ ಮಗು ಒಮ್ಮೆಯೂ ಒದ್ದಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜ ಆಗಿಬಿಡುತ್ತೆ ಅನ್ನೋ ಭಯ. ಮಧ್ಯಾಹ್ನ ಅತ್ತೆ ಮೊಸರನ್ನ ಕಲಸಿ ತಂದು, ಬಸುರಿಯರಿಗೆ ಉಪವಾಸದ ಕಟ್ಟಿಲ್ಲ, ಹಿಡಿಯಷ್ಟು ತಿನ್ನು ಅಂದರು. ನಾನು ಬೇಡ ಅಂದೆ. ಶಮಂತ ಗೋಗರೆದ. ಬೇಡ ಅಂದರೆ ಬೇಡ ಅಂತ ರೇಗಿದೆ. ಗ್ರಹಣವನ್ನ ನಂಬದ ನಾನು ಪಾಲಿಸೋದು ಅಂದಮೇಲೆ ಪೂರ್ತಿ ಪಾಲಿಸಿಬಿಡೋಣ ಅಂತ ಹಠಕ್ಕೆ ಬಿದ್ದಿದ್ದೆ. ನಾಳೆ ಏನಾದರೂ ಆದರೆ, ಆ ಒಂದು ತುತ್ತಿನಿಂದ ಅಂತ ಯಾರೂ ಅನ್ನಬಾರದು. ಅತ್ತೆ ಅನ್ನಬಾರದು. ಅದಕ್ಕಿಂತ ಹೆಚ್ಚಾಗಿ ನಾನು ಅಂದುಕೊಳ್ಳಬಾರದು.

ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ. ಹೊಟ್ಟೆಯನ್ನ ಮೆಲ್ಲಗೆ ತಟ್ಟಿದೆ. ಏನಿಲ್ಲ. ಸಂಜೆಯಾಗುತ್ತಾ ಬಂದಂತೆ ತಡೆಯಲಾರದೆ ಶಮಂತನಿಗೆ ಹೇಳಿದೆ. ಅವನು ತಕ್ಷಣ ಫೋನ್ ತೆಗೆದ. ಕಲ್ಲಿನ ಗೋಡೆಯೊಳಗೆ ಸಿಗ್ನಲ್ ಇಲ್ಲ ಅಂತ, ಲೈಡನ್ನಿನ ಸೂಲಗಿತ್ತಿಗೆ ಫೋನ್ ಮಾಡೋಕೆ ಕಮಾನಿನ ಕಡೆ ಓಡಿದ. ಹೊರಗೆ ಕುರ್ಚಿ ಎಳೆಯೋ ಸದ್ದು, ನಗು, ಆಮೇಲೆ ಒಮ್ಮೆಲೇ ಊರೆಲ್ಲ ಮೌನ.

ಗ್ರಹಣ ಹಿಡಿದಿದೆಯೋ ಇಲ್ಲವೋ ನೋಡಿಬರ್ತೀನಿ ಅಂತ ಅತ್ತೆ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಕೂತರು.

"ಮೋಡ ಕವಿದುಬಿಟ್ಟಿದೆ ಕಣೇ ನಿಸರ್ಗ. ಏನೂ ಕಾಣ್ತಿಲ್ಲ. ಕಾಣದಿದ್ದಮೇಲೆ ಗ್ರಹಣ ಎಲ್ಲಿ? ಏಳು, ಊಟ ಮಾಡು."

ಕಿಟಕಿಯ ಹಳೇ ಹಲಗೆಯಲ್ಲಿ ಹುಳ ಕೊರೆದ ತೂತುಗಳಿದ್ದವು. ಅವುಗಳಿಂದ ಬಿಸಿಲು ತೂರಿ ಎದುರು ಗೋಡೆ ಮೇಲೆ, ಅತ್ತೆಯ ಸೆರಗಿನ ಮೇಲೆ ಬಿದ್ದಿತ್ತು. ಬಿದ್ದ ಒಂದೊಂದು ಚುಕ್ಕೆಯೂ ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ಕೋಣೆಯ ತುಂಬ ಗ್ರಹಣ ಹಿಡಿದ ಸೂರ್ಯಗಳು.

"ಅತ್ತೆ, ನಿಮ್ಮ ಭುಜದ ಮೇಲೇ ಇದೆ," ಅಂದೆ.

ಅವರು ಭುಜ ನೋಡಿಕೊಂಡರು, ಗೋಡೆ ನೋಡಿದರು. ಸಿಕ್ಕಿಬಿದ್ದ ನಾಚಿಕೆಯೇನೂ ಇರಲಿಲ್ಲ. ತುತ್ತು ಕಲಸುತ್ತಲೇ ಇದ್ದರು.

"ಶಮಂತನಿಗಿಂತ ಮುಂಚೆ ನನ್ನ ಹೊಟ್ಟೇಲಿ ಒಂದು ಹೆಣ್ಣುಮಗು ಇತ್ತು. ಆರು ತಿಂಗಳ ಬಸುರಿ. ಗ್ರಹಣ ಬಂತು. ನಮ್ಮತ್ತೆ ಹೇಳಿದ್ದು ಒಂದೂ ಬಿಡಲಿಲ್ಲ ನಾನು. ನೀರು ಮುಟ್ಟಲಿಲ್ಲ, ಕೈಕಾಲು ಮಡಚಲಿಲ್ಲ, ದರ್ಭೆ ಹಿಡ್ಕೊಂಡು ಮಲಗಿದ್ದೆ. ಎಲ್ಲಾ ಸರಿಯಾಗೇ ಮಾಡಿದೆ. ಹದಿನೈದು ದಿನಕ್ಕೆ ಮಗು ಹೋಯ್ತು."

ನಾನು ಎದ್ದು ಕೂತೆ. ಇಷ್ಟು ವರ್ಷದಲ್ಲಿ ಶಮಂತನೂ ಈ ಮಾತು ಹೇಳಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು.

"ಮತ್ತೆ ನಮ್ಮನ್ನ ಇಷ್ಟು ದೂರ ಯಾಕೆ ಕರ್ಕೊಂಡು ಬಂದ್ರಿ?"

"ಹೆದರಿಕೆ ಕಣಮ್ಮ. ನಿನಗೆ ಹೇಗೋ ಹಾಗೇ. ಬಾಯಿ ತೆಗಿ."

ಬಾಯಿ ತೆಗೆದೆ. ಮೊದಲ ತುತ್ತಿಗೇ ಅಳು ಬಂತು, ನೀರು ಕುಡಿಸಿದರು. ಎರಡನೆಯದು, ಮೂರನೆಯದು. ತಟ್ಟೆ ಖಾಲಿಯಾಗೋವರೆಗೂ ಬಿಡಲಿಲ್ಲ. ಗೋಡೆಯ ಮೇಲಿನ ಸೂರ್ಯಗಳು ಕೆಂಪಾಗಿ, ಸಣ್ಣಗಾಗಿ, ಒಂದೊಂದೇ ಆರಿಹೋದವು. ನಾನು ಅವರ ಎಂಜಲುಗೈಯನ್ನೇ ಎಳೆದು ನನ್ನ ಹೊಟ್ಟೆ ಮೇಲೆ ಇಟ್ಟುಕೊಂಡೆ. ಇಬ್ಬರೂ ಉಸಿರು ಹಿಡಿದು ಕೂತೆವು. ಏನಿಲ್ಲ. ಇನ್ನೂ ಏನಿಲ್ಲ. ಆಮೇಲೆ ಒಳಗಿಂದ ಒಂದು ಒದೆತ, ಬಲವಾಗಿ, ಸರಿಯಾಗಿ ಅತ್ತೆಯ ಅಂಗೈಗೆ.

ಅತ್ತೆ ಕೈ ತೆಗೆಯಲಿಲ್ಲ. ಅವರು ಅಳೋದನ್ನ ನಾನು ಅವತ್ತೇ ಮೊದಲು ನೋಡಿದ್ದು. ನನ್ನ ಮಗುವಿಗಾಗಿ ಅಲ್ಲ ಆ ಅಳು, ನನಗೆ ಗೊತ್ತಾಯ್ತು. ನಾನು ಅವರನ್ನ ತಬ್ಬಿಕೊಂಡು, "ನಿಮ್ಮ ತಪ್ಪೇನಿಲ್ಲ ಅತ್ತೆ," ಅಂದೆ.