ಒಂದು ಬದಿ ತಗ್ಗಿದ ತೂಗುಮಂಚ

ಗುರುಶಾಂತನ ಅತ್ತೆ ಅಂಬುಬಾಯಿ ಹನ್ನೊಂದು ವರ್ಷಗಳಲ್ಲಿ ಅಳಿಯನ ಕೂಡ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಮುನಿಸೇನಲ್ಲ, ಹಳೆಯ ಮರ್ಯಾದೆ. ಅವನು ಎದುರಿಗೇ ಕೂತಿದ್ದರೂ ಸೆರಗು ಮುಂದೆಳೆದುಕೊಂಡು, "ಜಯಾ, ಅಳ್ಯಾರಿಗಿ ಹೇಳು, ಚಾ ಆರಲಿಕತ್ತದ," ಎನ್ನುವಳು. ಹೆಂಡತಿ ಜಯಮಾಲಾ ಬಾಯಿ ತೆರೆಯುವ ಮೊದಲೇ ಗುರುಶಾಂತ ಕಪ್ಪು ಎತ್ತುವನು. ಅವನೂ ಮಾತು ಕಡಿಮೆಯವನೇ. ಆ ಮೌನ ಇಬ್ಬರಿಗೂ ಹಳೆ ಕಂಬಳಿಯ ಹಾಗೆ ಒಗ್ಗಿತ್ತು.

ಅವನಿಗೆ ಒಗ್ಗದೇ ಇದ್ದದ್ದು ಒಂದೇ. ಉದಗೀರದ ತಮ್ಮ ಮನೆಗೆ ಬಂದ ಅತ್ತೆ ಸಂಜೆ ಐದೂವರೆಯ ಬಸ್ಸಿಗೆ ಸಾಸ್ತೂರಕ್ಕೆ ಮರಳಿಬಿಡುವಳು. ತೊಂಬತ್ತಮೂರರ ಭೂಕಂಪದಲ್ಲಿ ಸಾಸ್ತೂರ ನೆಲಸಮವಾದ ಮೇಲೆ ಅವಳು ಸ್ಲ್ಯಾಬಿನ ಕೆಳಗೆ ಮಲಗಿದವಳಲ್ಲ. ಊರಲ್ಲೂ ಮಲಗುವುದು ತಗಡಿನ ಪಡಸಾಲೆಯಲ್ಲೇ. ಅಂಗಳದಲ್ಲಿ ಹೊರಸು ಹಾಕುತ್ತೇವೆಂದರೆ, "ಮಗಳ ಮನ್ಯಾಗ ಹೊರಗ ಬಿದ್ಕೊಂಡಾಳ ಅಂತಾರ ಮಂದಿ," ಎನ್ನುವಳು. ಈಗ ಎರಡೂ ಕಣ್ಣಿಗೆ ಪೊರೆ. ಶಸ್ತ್ರಕ್ರಿಯೆ ಆದಮೇಲೆ ಹದಿನೈದು ದಿನ ಉದಗೀರದಲ್ಲೇ ಇರಬೇಕು. ಅದಕ್ಕೆಂದೇ ಎರಡು ಸಲ ತಾರೀಖು ತಪ್ಪಿಸಿದ್ದಳು. ಇನ್ನು ಆರು ತಿಂಗಳು ಮೀರಿದರೆ ಕಣ್ಣು ಹೋದೀತೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ವಲಾಂಡಿಯ ತವರಿನಲ್ಲಿ ಚಿಕ್ಕಂದಿನಲ್ಲಿ ತೂಗುಮಂಚವಿತ್ತೆಂದು ಆಕೆ ಒಮ್ಮೆ ಮಗಳಿಗೆ ಹೇಳಿದ್ದು ಗುರುಶಾಂತನ ಕಿವಿಯಲ್ಲಿ ಉಳಿದಿತ್ತು. ಅಂಥದೊಂದು ಮನೆಯಲ್ಲಿದ್ದರೆ ಸ್ಲ್ಯಾಬಿನ ಭಯ ಮರೆತು ಉಳಿದಾಳು ಎಂದುಕೊಂಡ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೈ. ಗರಗಸದ ಗುರುತೇ ಇಲ್ಲ. ಆದರೂ ಹಳೆ ಸಾಗವಾನಿ ಬಾಗಿಲೊಂದನ್ನು ತಂದು, ಮೊಬೈಲಿನಲ್ಲಿ ಮರಾಠಿ ವಿಡಿಯೋ ಹಚ್ಚಿಕೊಂಡು ಕೂತ. ನಾಲ್ಕು ತಿಂಗಳ ಭಾನುವಾರಗಳು ಹೋದವು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಜೋಳದ ಹಿಟ್ಟಿನೊಳಗೂ ಮರದ ಹುಡಿ ಸೇರಿತು.

"ರೊಟ್ಟಿ ಸಾಗವಾನಿ ಆಗ್ಯಾವ. ಗೆದ್ದಲ ಹತ್ತಂಗಿಲ್ಲ ನಿಮಗ, ಉಣ್ರಿ," ಎಂದಳು ಜಯಮಾಲಾ.

ಪಕ್ಕದ ಮನೆಯ ಭೀಮಶಾ ಖರೇ ಬಡಿಗ. ನಡುಮನೆಯಲ್ಲಿ ಮಂಚ ತೂಗುಹಾಕಿದ ದಿನ ಬಂದು ನೋಡಿ ತಲೆ ವಾರೆ ಮಾಡಿದ. "ಸರ, ಇದು ಮಂಚರೀ ಏನ್ ತಕ್ಕಡಿರೀ? ಒಂದ ಬದಿ ತಗ್ಗ ಅದ."

ಗುರುಶಾಂತ ಸರಪಳಿ ಮೂರು ಸಲ ಬಿಚ್ಚಿ ಕಟ್ಟಿದ. ಬೆರಳಷ್ಟು ತಗ್ಗು ಹೋಗಲೇ ಇಲ್ಲ. ಕಡೆಗೆ ಬಿಟ್ಟು, ಮರಳುಕಾಗದ ಹಿಡಿದು ಹಲಗೆಯ ಅಡಿಯನ್ನೂ ಉಜ್ಜತೊಡಗಿದ.

"ಹಲಗಿ ಕೆಳಗ ಯಾರ ನೋಡ್ತಾರ?" ಎಂದಳು ಜಯಮಾಲಾ.

ಅವನು ಉಜ್ಜುತ್ತಲೇ ಇದ್ದ.

ಅಂಬುಬಾಯಿ ಬಂದ ದಿನ ಮಧ್ಯಾಹ್ನ ಫ್ಯಾನು ಜೋರಾಗಿತ್ತು. ಖಾಲಿ ಮಂಚ ತನ್ನಷ್ಟಕ್ಕೆ ಮೆಲ್ಲಗೆ ಅಲ್ಲಾಡುತ್ತಿತ್ತು; ಸರಪಳಿ ಕಿರ್ ಕಿರ್ ಎನ್ನುತ್ತಿತ್ತು. ಹೊಸ್ತಿಲ ಮೇಲೆ ಆಕೆ ನಿಂತುಬಿಟ್ಟಳು. ಮಂಜುಗಣ್ಣಿನಿಂದ ಆ ಅಲ್ಲಾಡುವ ಕಪ್ಪು ನೆರಳನ್ನು ನೋಡಿದಳು. ಪಕ್ಕದಲ್ಲಿದ್ದ ಮಗಳ ರಟ್ಟೆ ಹಿಡಿದು, ಎಳೆದುಕೊಂಡೇ ಅಂಗಳಕ್ಕೆ ಬಂದಳು. ಮೆಟ್ಟಿಲ ಮೇಲೆ ಕೂತ ಮೇಲೂ ಮಗಳ ರಟ್ಟೆ ಬಿಡಲಿಲ್ಲ. ಹಿಂದೆಯೇ ಬಂದ ಗುರುಶಾಂತ ಮೂರು ಮಾರು ದೂರ ನಿಂತ.

"ಜಯಾ, ಅಳ್ಯಾರಿಗಿ ಹೇಳು," ಎಂದಳು. "ಅವತ್ತ ಭೂಕಂಪದ ನಸುಕಿನ್ಯಾಗ ನೀ ತೊಟ್ಟಿಲದಾಗಿದ್ದಿ. ಯಾರೂ ತೂಗಲಾರದ ತೊಟ್ಟಿಲಾ ತೂಗಲಿಕತ್ತಿತ್ತು. ಕಿರ್ ಕಿರ್ ಅಂತ ಸಪ್ಪಳ ಕೇಳಿ ಎದ್ದೆ. ನಿನ್ನ ತೊಗೊಂಡು ಹೊರಗ ಓಡಿದೆ. ನಿಮ್ಮಪ್ಪ ಗೋಡಿ ಬದಿಗಿ ಮಲಗಿದ್ದರು. ಗೋಡಿ ಬಿತ್ತು."

ಜಯಮಾಲಾ ತಾಯಿಯನ್ನೇ ನೋಡುತ್ತ ಕೂತಳು. ತೊಟ್ಟಿಲಿನ ಸಂಗತಿ ಅವಳೂ ಕೇಳಿರಲಿಲ್ಲ.

ಗುರುಶಾಂತ ಒಳಗೆ ಹೋಗಿ ಫ್ಯಾನು ಆರಿಸಿದ. ನಾಲ್ಕು ತಿಂಗಳು ಅಳತೆ ಮಾಡಿದ್ದೇ ಮಾಡಿದ್ದು. ಸಾಸ್ತೂರಿನವಳ ಮುಂದೆ ತೂಗುವ ವಸ್ತು ತಂದಿಡುತ್ತಿದ್ದೇನೆಂದು ಹೊಳೆಯಲಿಲ್ಲವಲ್ಲ! ಭೀಮಶಾನನ್ನು ಕರೆದು ಸರಪಳಿ ಕಳಚಿದ. ಇಬ್ಬರೂ ಸೇರಿ ಮಂಚ ಹೊತ್ತು ಅಂಗಳದ ಬೇವಿನ ಮರದ ಕೆಳಗೆ ಇಟ್ಟಂಗಿಯ ಮೇಲೆ ಇಟ್ಟರು. ಭೀಮಶಾ ಮನೆಗೆ ಹೋದ.

ಜಯಮಾಲಾ ತಾಯಿಗೆ ಬುತ್ತಿ ಕಟ್ಟಿ ಚಹಾ ಮಾಡಲು ಒಳಗೆ ಹೋದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೆಟ್ಟಿಲಿಗೆ ಬಿಸಿಲು ಬಂತೆಂದು ಅಂಬುಬಾಯಿ ಚೀಲ ಹಿಡಿದುಕೊಂಡೇ ಮರದ ಕೆಳಗೆ ಬಂದು ಮಂಚದ ಅಂಚಿಗೆ ಕೂತಳು. ಕೈಯಿಂದ ಸವರಿದಳು, ಅವಳಿಗೀಗ ಕೈಯೇ ಕಣ್ಣು. ಅಂಚು, ಮೂಲೆ, ಕೊರೆದ ತೂತು. ಬೆರಳು ಹಲಗೆಯ ಅಡಿಗೆ ಹೋದವು. ಅಲ್ಲೇ ಹಿಂದೆ ಮುಂದೆ ಆಡಿದವು. ಅಲ್ಲಿಯೂ ಎಲ್ಲಿಯೂ ಒಂದು ಸಿಬಿರು ಸಿಗಲಿಲ್ಲ.

ಗುರುಶಾಂತ ಇಟ್ಟಂಗಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ್ದ.

"ಸರಪಳಿ ಎಲ್ಲಿಟ್ಟೀರಿ?"

ಅವನು ಹಿಂದೆ ತಿರುಗಿ ನೋಡಿದ. ಜಯಮಾಲಾ ಅಲ್ಲಿರಲಿಲ್ಲ.

"ಒಳಗ... ಇಟ್ಟೀನ್ರೀ," ಎಂದ.

ಗೋಣಿತಟ್ಟು ಸುತ್ತಿ ಬೇವಿನ ಕೊಂಬೆಗೆ ಸರಪಳಿ ಹಾಕುವಷ್ಟರಲ್ಲಿ ಗುರುಶಾಂತನಿಗೆ ಬೆವರಿಳಿಯಿತು. ಅಂಬುಬಾಯಿ ಕೂತು ಮೇಲೆ ನೋಡಿದಳು. ಎಲೆ, ಅದರಾಚೆ ಬೆಳಕು. ಪಾದದಿಂದ ನೆಲ ಒತ್ತಿದಳು, ಮಂಚ ಹೋಯಿತು. ಪಾದ ಊರಿದಳು, ನಿಂತಿತು. ಮತ್ತೆ ಒತ್ತಿದಳು, ಮತ್ತೆ ನಿಲ್ಲಿಸಿದಳು. ಹೀಗೆ ಏಳೆಂಟು ಸಲ.

"ನಿಂದ್ರತದ," ಎಂದಳು, ತನಗೆ ತಾನೇ.

ಜಯಮಾಲಾ ಚಹಾ ತಂದಾಗ ಐದು ದಾಟಿತ್ತು. "ಅವ್ವಾ, ಬಸ್ಸಿಗಿ ಹೊತ್ತಾತು."

ಅಂಬುಬಾಯಿ ಚೀಲವನ್ನು ಮಗಳ ಕೈಗಿತ್ತಳು. "ಒಳಗಿಡು. ನಾ ಇಲ್ಲೇ ಮಲಗತೀನಿ. ಮಂದಿ ಕೇಳಿದ್ರ ನಮ್ಮ ಅಳ್ಯಾರು ಮಾಡ್ಯಾರ ಅಂತೀನಿ." ಸೆರಗು ಮುಂದೆಳೆದುಕೊಂಡಳು. "ಮತ್ತ ಅಳ್ಯಾರಿಗಿ ಹೇಳು, ಒಂದ ಬದಿ ತಗ್ಗ ಅದ."

ಗುರುಶಾಂತ ಆಗಲೇ ಸರಪಳಿ ಬಿಗಿಯುವ ಪಾನಾ ತರಲು ಎದ್ದಿದ್ದ.