ಅರ್ಧ ಮೊಟ್ಟೆ

ಆವತ್ತು ಸಾಗರದ ಒಂದು ಕಾನ್ವೆಂಟಿನ ಒಂದಷ್ಟು ಮಕ್ಕಳಿಗೆ ಒಟ್ಟಿಗೇ ಜ್ವರ ಬಂತು. ಜ್ವರದ ಸುದ್ದಿ ವಾಟ್ಸಾಪಿನಲ್ಲಿ ಕಾನ್ವೆಂಟಿಗೆ ಹೋಯಿತು. ಮಕ್ಕಳು ಮಾತ್ರ ನೀಲಿ ಯೂನಿಫಾರ್ಮ್ ತೊಟ್ಟು ಮಾರ್ಕೆಟ್ ಹಿಂದಿನ ಸರ್ಕಾರಿ ಶಾಲೆಯಲ್ಲಿ ಬಂದು ಕುಳಿತವು. ಈ ಜ್ವರ ಹಬ್ಬಿಸಿದವಳು ಟೈಲರ್ ಆಶಾ. ಹಳೆಯ ಯೂನಿಫಾರ್ಮುಗಳನ್ನು ಕೇಳಿ ತಂದು, ಅಂಚು ಬಿಚ್ಚಿ, ಸೊಂಟ ಹಿಡಿದು ಹೊಲಿದು ಕೊಟ್ಟವಳೂ ಅವಳೇ.

ಮಕ್ಕಳು ಕಡಿಮೆ ಎಂದು ಈ ಶಾಲೆಯನ್ನು ಹೆದ್ದಾರಿಯಾಚೆಯ ಇನ್ನೊಂದು ಶಾಲೆಗೆ ಸೇರಿಸುವ ಮಾತು ನಡೆದಿತ್ತು. ಕಣ್ಣಾರೆ ನೋಡಿ ವರದಿ ಬರೆಯಲು ಆವತ್ತು ಅಧಿಕಾರಿ ಬರುವವರಿದ್ದರು. ಶಾಲೆ ಮುಚ್ಚಿದರೆ ಕೇರಿಯ ಚಿಕ್ಕಚಿಕ್ಕ ಮಕ್ಕಳು ದಿನಾ ಲಾರಿಗಳ ನಡುವೆ ರಸ್ತೆ ದಾಟಬೇಕು. ಆಶಾ ಓದಿದ್ದು ಇದೇ ಶಾಲೆಯಲ್ಲಿ. ಶಾಲೆ ಉಳಿಸುವ ಸಮಿತಿಯಲ್ಲಿ ಆಟೋ ಓಡಿಸುವ ಉಮೇಶನೂ ಅವಳೂ ಮುಂದಾಳುಗಳು. ಇಬ್ಬರ ಮಕ್ಕಳೂ ಕಾನ್ವೆಂಟಿನಲ್ಲಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಸಮಿತಿಯಲ್ಲಿ ಎಲ್ಲರ ಕಥೆಯೂ ಅದೇ ಆಗಿದ್ದರಿಂದ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಬೆಳಿಗ್ಗೆಯೇ ಬಂದು ಹೋಗುತ್ತಾರೆಂದುಕೊಂಡಿದ್ದ ಅಧಿಕಾರಿ ಬಂದದ್ದು ಮಧ್ಯಾಹ್ನದ ಹೊತ್ತಿಗೆ. ತರಗತಿಗಳಲ್ಲಿ ಇಣುಕಿ, ತಲೆ ಎಣಿಸಿ, "ಪರವಾಗಿಲ್ವಲ್ಲ ಮೇಷ್ಟ್ರೇ" ಎಂದರು. ಹೆಡ್ ಮೇಷ್ಟ್ರು ಮಧುಸೂದನ ನಗಲು ಹೋಗಿ ಕೆಮ್ಮಿದರು. "ಊಟ ಇಲ್ಲೇ ಮಾಡ್ತೀನಿ, ಮಕ್ಕಳ ಜೊತೆ" ಎಂದು ಅಧಿಕಾರಿ ಪಂಕ್ತಿಯಲ್ಲೇ ಕುಳಿತುಬಿಟ್ಟರು.

ಬಡಿಸಲು ಅಡುಗೆಕೋಣೆಗೆ ಬಂದ ಆಶಾ, ಸುಲಿದಿಟ್ಟ ಮೊಟ್ಟೆಗಳನ್ನು ನೋಡಿ ಕಂಗಾಲಾದಳು.

"ಕನ್ನಮ್ಮಕ್ಕ, ಇಷ್ಟೇನಾ?"

"ದಿನಾ ಬರೋ ಮಕ್ಕಳಿಗೆ ಸರಿಯಾಗಿ ಬೇಯ್ಸಿದೀನಿ" ಎಂದಳು ಕನ್ನಮ್ಮ.

"ಇವತ್ತು ಜಾಸ್ತಿ ಇದಾರಲ್ಲ."

"ನಂಗ್ಯಾರು ಹೇಳಿದ್ರು? ಸಾಂಬಾರಾದ್ರೆ ನೀರು ಹಾಕಿ ಹಿಗ್ಗಿಸ್ಬೋದು. ಮೊಟ್ಟೆ ಹಿಗ್ಗಲ್ಲ ಮಾರಾಯ್ತಿ."

ನಿಜ. ಎದುರಿನ ಹೂವಿನಂಗಡಿಯವರಿಗೂ ಗೊತ್ತಿದ್ದ ಗುಟ್ಟನ್ನು ಅಡುಗೆಯವಳಿಗೆ ಹೇಳಲು ಎಲ್ಲರೂ ಮರೆತಿದ್ದರು. ಅಂಗಡಿಗೆ ಓಡಿ, ತಂದು, ಬೇಯಿಸುವಷ್ಟು ಹೊತ್ತು ಈಗೆಲ್ಲಿದೆ?

ಮೊಟ್ಟೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಾತ್ರೆ ಬರಿದಾಯಿತು. ಆ ಸಾಲಿನಲ್ಲಿದ್ದವರೇ ಕಾನ್ವೆಂಟಿನವರು. ಆಶಾಳ ಮಗಳು ಸುಪ್ರಿಯಾ ತನ್ನ ತಟ್ಟೆ ನೋಡಿಕೊಂಡು, ಅಮ್ಮನನ್ನು ನೋಡಿದಳು. ಬಾಯಿ ಬಿಡಬೇಡ ಮಗಳೇ ಎಂದು ಆಶಾ ಕಣ್ಣಲ್ಲೇ ಬೇಡಿಕೊಂಡಳು.

ಎದುರು ಸಾಲಿನ ಶ್ರಾವ್ಯಾ, ಇದೇ ಶಾಲೆಯ ಮೂರನೇ ಕ್ಲಾಸಿನ ಹುಡುಗಿ, ತನ್ನ ಮೊಟ್ಟೆಯನ್ನು ಹೆಬ್ಬೆರಳಿನಿಂದ ಎರಡು ಹೋಳು ಮಾಡಿ ಒಂದನ್ನು ಸುಪ್ರಿಯಾಳ ತಟ್ಟೆಗೆ ಹಾಕಿದಳು. ಅವಳನ್ನು ನೋಡಿ ಪಕ್ಕದವನೂ ಹಾಕಿದ. ನೋಡನೋಡುತ್ತ ಆ ಸಾಲಿನವರೆಲ್ಲ ಹಾಕಿದರು.

"ಯಾಕಮ್ಮ ನಿಂದು ಕೊಟ್ಟೆ?" ಅಧಿಕಾರಿ ಕೇಳಿದರು.

"ಅವ್ರು ನೆಂಟ್ರು ಸಾರ್" ಎಂದಳು ಶ್ರಾವ್ಯಾ. "ಇವತ್ತೊಂದಿನ ಬಂದಿದಾರೆ. ನೆಂಟ್ರಿಗೆ ಕೊಡ್ದೆ ತಿನ್ಬಾರ್ದಂತೆ."

ಮಧುಸೂದನ ಮೇಷ್ಟ್ರು ಗೋಡೆ ನೋಡಿದರು. ಅಧಿಕಾರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಊಟ ಮುಗಿಸಿ, ತಟ್ಟೆ ತಾವೇ ತೊಳೆದು, ಜಗಲಿಗೆ ಬಂದು ನಿಂತರು.

"ಯಾರ ಕೆಲಸ ಇದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಶಾ, "ನಂದು ಸಾರ್" ಎಂದಳು.

"ನಿಮ್ಮ ಮಗು ಇದ್ಯಾ ಇದರಲ್ಲಿ?"

ಆಶಾ ಸುಪ್ರಿಯಾಳನ್ನು ತೋರಿಸಿದಳು.

"ನಿಮ್ಮ ಮಗುವಿಗೇ ಬೇಡವಾದ ಶಾಲೇನ ನಾನ್ಯಾಕಮ್ಮ ಉಳಿಸ್ಲಿ?"

ಆಶಾ ತೋರಿಸಿದ ಕೈಯನ್ನು ಇಳಿಸಿದಳು.

"ವರದಿ ಈ ವಾರದ ಕೊನೆಗೆ ಕಳಿಸ್ತೀನಿ. ಅಷ್ಟರೊಳಗೆ ಟಿ.ಸಿ. ತಂದು ಸೇರಿಸಿದ ಮಕ್ಕಳನ್ನ ಲೆಕ್ಕಕ್ಕೆ ತಗೋತೀನಿ. ನೆಂಟರನ್ನಲ್ಲ" ಎಂದು ಹೇಳಿ ಅಧಿಕಾರಿ ಜೀಪು ಹತ್ತಿದರು.

ಗೇಟಿನ ಬಳಿ ನಿಂತಿದ್ದ ಅಪ್ಪ ಅಮ್ಮಂದಿರಿಗೆ ಎಲ್ಲವೂ ಕೇಳಿಸಿತ್ತು. ಒಬ್ಬೊಬ್ಬರೇ ತಮ್ಮ ಮಕ್ಕಳನ್ನು ಕರೆದು, ನೀಲಿ ಅಂಗಿ ಬಿಚ್ಚಿಸಿ, ತಂದಿದ್ದ ಬಟ್ಟೆ ತೊಡಿಸಿ, ಬಿಚ್ಚಿದ್ದನ್ನು ಜಗಲಿಯ ಮೇಲೆ ಮಡಿಸಿಟ್ಟರು. ಯಾರೂ ಆಶಾಳ ಮುಖ ನೋಡಲಿಲ್ಲ. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವರನ್ನು ಯಾವ ಬಾಯಲ್ಲಿ ಬೈಯುವುದು? ಇಂಗ್ಲಿಷು ಹೋದರೆ ಮಗಳ ಗತಿಯೇನು ಎಂದು ಅವಳಿಗೂ ಹೆದರಿಕೆ ಇದ್ದೇ ಇತ್ತು.

ಸುಪ್ರಿಯಾ ನಲ್ಲಿಯ ಹತ್ತಿರ ಶ್ರಾವ್ಯಾಳಿಂದ ತಟ್ಟೆ ತಿಕ್ಕುವುದನ್ನು ಕಲಿಯುತ್ತಿದ್ದಳು. ಅಮ್ಮ ಹತ್ತಿರ ಬಂದದ್ದು ಕಂಡು, "ನಾನೂ ಬಿಚ್ಚಬೇಕಾ?" ಎಂದು ಕೇಳಿದಳು.

ಆಶಾ ಮಗಳ ಅಂಗಿಯ ಒದ್ದೆ ತೋಳನ್ನು ಮೇಲಕ್ಕೆ ಮಡಿಸಿದಳು. ಆಮೇಲೆ, "ಬೇಡ" ಎಂದಳು. ಅಡುಗೆಕೋಣೆಯ ಬಾಗಿಲಿಗೆ ಹೋಗಿ, "ಕನ್ನಮ್ಮಕ್ಕ, ಇನ್ಮೇಲೆ ಒಂದು ಮೊಟ್ಟೆ ಜಾಸ್ತಿ ಬೇಯ್ಸಿ" ಎಂದಳು.

ಕನ್ನಮ್ಮ ಪಾತ್ರೆ ತೊಳೆಯುತ್ತಲೇ ಕತ್ತು ಚಾಚಿ ಗೇಟಿನ ಕಡೆ ನೋಡಿದಳು.

"ಒಂದು ಸಾಕಾ?"

ಆಶಾ ತಿರುಗಿದಳು. ಅಲ್ಲಿ ಮಗನ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಉಮೇಶ, ಅರ್ಧಕ್ಕೇ ಕೈ ನಿಲ್ಲಿಸಿ, ಇವಳನ್ನೇ ನೋಡುತ್ತ ನಿಂತಿದ್ದ.