ನಲವತ್ತು ಅಂಗಡಿ, ಒಂದು ಮರ

"ಒಂದೇ ಮರದ ಕೆಳಗೆ ನಲವತ್ತು ವ್ಯಾಪಾರನಾ? ಮನುಷ್ಯರಾ ಕೋತಿಗಳಾ ನೀವು?"

ತೆರಿಗೆ ಕಚೇರಿಯ ಸಾಹೇಬ ಅರ್ಜಿಯನ್ನು ಮೇಜಿನ ಮೇಲೆ ಎಸೆದ. ಪಕ್ಕದ ಗುಮಾಸ್ತ ಕಿಸಕ್ಕನೆ ನಕ್ಕ. ಎದುರಿಗೆ ನಿಂತಿದ್ದ ರಿವರ್ಸಕ್ಕನಿಗೂ ನಗು ಬಂತು, ತುಟಿ ಕಚ್ಚಿ ತಡೆದುಕೊಂಡಳು. ಎಂಥ ಸಂದಿಯಲ್ಲೂ ಟ್ಯಾಕ್ಸಿಯನ್ನು ಹಿಂದಕ್ಕೆ ತೆಗೆಯುತ್ತಾಳೆಂದು ಜೊತೆಯ ಡ್ರೈವರ್‌ಗಳು ಇಟ್ಟ ಹೆಸರು ಅದು.

ತೆರಿಗೆ ನಂಬರಿನ ಅರ್ಜಿಯಲ್ಲಿ 'ವ್ಯಾಪಾರದ ಸ್ಥಳ' ಎಂದು ಕೇಳಿತ್ತು. ಬಾಡಿಗೆ ಮನೆಯ ವಿಳಾಸ ಕೊಡೋಣವೆಂದರೆ ಮನೆ ಓನರ್ ಸಹಿ ಹಾಕಲು ಒಪ್ಪಲಿಲ್ಲ. ಆ್ಯಪ್‌ನಲ್ಲಿ ಗಿರಾಕಿ ಬರುವವರೆಗೆ ನಲವತ್ತು ಟ್ಯಾಕ್ಸಿಗಳೂ ನಿಲ್ಲುವುದು ಪೆಟ್ರೋಲ್ ಬಂಕಿನ ಪಕ್ಕದ ಮರದ ಕೆಳಗೆ. ಅದನ್ನೇ ಬರೆದಿದ್ದಳು. ಎಲ್ಲರೂ ಅದನ್ನೇ ಬರೆದಿದ್ದರು.

"ಸಾರ್, ಇವತ್ತು ಸಂಜೆ ಆರರೊಳಗೆ ತೆರಿಗೆ ನಂಬರ್ ಹಾಕ್ದಿದ್ರೆ ಕಂಪ್ನಿಯೋರು ಆ್ಯಪ್ ಬಂದ್ ಮಾಡ್ತಾರೆ. ನಾಳೆಯಿಂದ ದುಡಿಮೆ ಇಲ್ಲ."

"ಅಂಗಡಿ ಕಣ್ಣಾರೆ ನೋಡ್ದೆ ನಂಬರ್ ಕೊಡೋಕಾಗಲ್ಲ. ಬೋರ್ಡಿರ್ಬೇಕು, ಮಾಲೀಕ ಇರ್ಬೇಕು. ನಿಮ್ಮ ಮರ ನೋಡೋಕೆ ನಂಗೆ ಪುರುಸೊತ್ತಿಲ್ಲ. ಮುಂದಿನ ತಿಂಗಳು ಬಾ, ಹೋಗು."

ಮರದ ಕೆಳಗೆ ಸುದ್ದಿ ಮುಟ್ಟಿತು. "ಹಲ್ಕಟ್ ನನ್ಮಗ," ಎಂದು ಯಾರೋ ಉಗಿದರು. ಮೊದಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ಈಗ ಸ್ಟೇರಿಂಗ್ ಹಿಡಿದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಮೇಷ್ಟ್ರೇ, ಈ ಮಾರಾಟ ತೆರಿಗೆ ಕಂಪ್ನಿಯೋರಲ್ವಾ ಕಟ್ಟೋದು? ಬಿಲ್ಲಲ್ಲಿ ಕಾಣ್ಸುತ್ತಲ್ಲ?" ಎಂದು ರಿವರ್ಸಕ್ಕ ಕೇಳಿದಳು.

"ಬಿಲ್ಲಲ್ಲಿ ಕಾಣೋದು ಗಿರಾಕಿ ಹತ್ರ ಇಸ್ಕೊಂಡಿದ್ದು ಕಣಮ್ಮ. ಸರ್ಕಾರಕ್ಕೆ ಕಟ್ಟೋರು ನಾವೇ. ಅದೂ ಗಿರಾಕಿ ಕೊಟ್ಟ ಪೂರ್ತಿ ಬಾಡಿಗೆ ಮೇಲೆ. ಕಂಪ್ನಿ ಮುರ್ಕೊಂಡು ನಿನ್ ಕೈಗೆ ಹಾಕಿದ್ದರ ಮೇಲಲ್ಲ."

"ಮುರ್ಕೊಂಡಿದ್ದರ ಮೇಲೂ ನಾವೇ ಲೆಕ್ಕ ಕೊಡ್ಬೇಕಾ?"

"ಹೂಂ. ಕಾನೂನಲ್ಲಿ ನೀನು ಕಂಪ್ನಿ ಆಳಲ್ಲ. ಸ್ವಂತ ವ್ಯಾಪಾರದವಳು."

ರಿವರ್ಸಕ್ಕ ಯೋಚಿಸಿದಳು. "ರಜ ಕೇಳಿದ್ರೆ ಆಳು, ತೆರಿಗೆ ಬಂದ್ರೆ ಓನರ್ರು. ಆಯ್ತು ಬಿಡಿ, ಓನರ್ರೇ ಆಗೋಣ. ಯಾರ್ಹತ್ರ ರಟ್ಟಿನ ಡಬ್ಬ ಇದೆ?"

ನಾಲ್ಕೂವರೆಗೆ ಕಚೇರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲಿನಿಂದ ಗೇಟಿನ ಆಚೆಯವರೆಗೆ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಒಂದೊಂದರ ಗಾಜಿಗೂ ಒಂದೊಂದು ರಟ್ಟು. 'ಪ್ರಯಾಣ ಮಾರಾಟ. ಮಾಲೀಕರು ಒಳಗಿದ್ದಾರೆ.' ಸಾಹೇಬನ ಕಾರು ಸಾಲಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವನು ದಡದಡನೆ ಇಳಿದು ಬಂದ.

"ಏಯ್, ತೆಗೀರಿ ಗಾಡಿ. ಪೊಲೀಸ್ ಕರೀತೀನಿ."

"ಕರೀರಿ ಸಾರ್, ಅವರೂ ನೋಡ್ಲಿ," ಎಂದಳು ರಿವರ್ಸಕ್ಕ. "ಅಂಗಡಿ ನೋಡ್ಬೇಕು ಅಂದ್ರಲ್ಲ, ನಿಮಗೆ ಪುರುಸೊತ್ತಿಲ್ಲ ಅಂತ ನಾವೇ ತಂದಿದೀವಿ. ಬೋರ್ಡಿದೆ, ಮಾಲೀಕರೂ ಇದ್ದೀವಿ."

ಕಿಟಕಿಗಳಲ್ಲಿ ಗುಮಾಸ್ತರ ತಲೆಗಳು ತುಂಬಿದವು. ಮೇಲಿನ ಮಹಡಿಯಿಂದ ಹಿರಿಯ ಅಧಿಕಾರಿಣಿ ಬಗ್ಗಿ ನೋಡಿ, "ಏನ್ರೀ ಅದು, ನೋಡಿ ಕಳಿಸ್ರೀ, ನಾನು ಮನೆಗೆ ಹೋಗ್ಬೇಕು," ಎಂದರು. ಸಾಹೇಬ ಒಳಗಿನಿಂದ ಅರ್ಜಿಗಳ ಫೈಲು, ಸೀಲು ತರಿಸಿ, ಮುಖ ಗಂಟಿಕ್ಕಿಕೊಂಡು ಸಾಲಿನ ಮೊದಲಲ್ಲಿದ್ದ ರಿವರ್ಸಕ್ಕನ ಟ್ಯಾಕ್ಸಿಯ ಹಿಂದಿನ ಬಾಗಿಲಿಗೆ ಕೈ ಹಾಕಿದ.

"ಅಲ್ಲಿ ಗಿರಾಕಿ ಕೂರೋದು ಸಾರ್. ಅಲ್ಲಿ ಕೂತ್ರೆ ಬಾಡಿಗೆ ಆಗುತ್ತೆ, ಬಾಡಿಗೆ ಮೇಲೆ ತೆರಿಗೆ ಆಗುತ್ತೆ. ಮುಂದೆ ಬನ್ನಿ."

ಸಾಹೇಬ ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕುಳಿತ. ರಿವರ್ಸಕ್ಕ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅವನು ಅರ್ಜಿಯ ಮೇಲೆ ತೆರಿಗೆ ನಂಬರ್ ಬರೆಯುವುದನ್ನೇ ನೋಡಿದಳು. ಸೀಲು ಬಿತ್ತು. ಅವನು ಇಳಿಯಲು ಬಾಗಿಲು ತೆರೆಯುವಷ್ಟರಲ್ಲಿ ಎರಡನೇ ಟ್ಯಾಕ್ಸಿಯ ಮೇಷ್ಟ್ರು ಮುಂದಿನ ಬಾಗಿಲು ತೆರೆದು ಹಿಡಿದಿದ್ದರು. ಅವರ ಹಿಂದೆ ಮೂರನೆಯವನೂ ತೆರೆದ, ನಾಲ್ಕನೆಯವನೂ. ಗೇಟಿನಾಚೆ ರಸ್ತೆಯ ತುದಿಯವರೆಗೂ ಒಂದಾದ ಮೇಲೊಂದು ಬಾಗಿಲುಗಳು ತೆರೆದುಕೊಳ್ಳುತ್ತಾ ಹೋದವು.

"ಇನ್ನೂ ಮೂವತ್ತೊಂಬತ್ತು ಸಾರ್," ಎಂದಳು ರಿವರ್ಸಕ್ಕ. "ಆರು ಗಂಟೆಗೆ ಇನ್ನೂ ಟೈಮಿದೆ."